ಮೇಲೆಬಾ ಮೇಸ್ತ್ರಿ

ನಮ್ಮ ಕಾರ್ಖಾನೆಯ ಸುರಕ್ಷತಾ ಮೇಸ್ತ್ರಿಯ ಅಡ್ಡಹೆಸರು ‘ಮೇಲೆಬಾ’. ಟ್ಯಾಂಕ್ ತೊಳೆಯಲು ಯಾರಾದರೂ ಒಳಗಿಳಿದರೆ, ಅವರ ಎದೆಗೆ ಸಿಕ್ಕಿಸಿದ ಪುಟ್ಟ ಯಂತ್ರ ವಿಷಗಾಳಿಯ ಪ್ರಮಾಣವನ್ನು ಇವನ ಮೊಬೈಲಿಗೆ ಕಳಿಸುತ್ತಿರುತ್ತದೆ. ಆಗ ಮೂಗಿನ ಮೇಲೆ ನೊಣ ಕೂತರೂ ಇವನು ಓಡಿಸುವುದಿಲ್ಲ. ಮಾಲೀಕರೇ ಫೋನ್ ಮಾಡಿದರೂ ಕಟ್ ಮಾಡುತ್ತಾನೆ. ಮೊನ್ನೆ ಅಂಕಿ ಕೆಂಪಾಯಿತು. “ಮೇಲೆ ಬಾ,” ಎಂದ. “ಏನೂ ವಾಸನೆ ಇಲ್ವಲ್ಲಣ್ಣ, ಇನ್ನೆರಡೇ ನಿಮಿಷ,” ಎಂದ ಒಳಗೆ ತೊಳೆಯುತ್ತಿದ್ದವನು. “ಅರ್ಧ ನಿಮಿಷಾನೂ ಇಲ್ಲ. ಏಣಿ ಹಿಡಿ.” ಗೊಣಗುತ್ತಲೇ ಹತ್ತಿದವನ ಕಾಲು ಕೊನೆಯ ಮೆಟ್ಟಿಲಲ್ಲಿ ಕುಸಿಯಿತು, ಮೇಸ್ತ್ರಿ ರಟ್ಟೆ ಹಿಡಿದು ಎಳೆದುಕೊಂಡ. ಅವನು ಸುಧಾರಿಸಿಕೊಂಡ ಮೇಲೆ, ಯಾರೂ ಕೇಳದಿದ್ದರೂ ಮೇಸ್ತ್ರಿ ಹೇಳಿದ: “ನಮ್ಮಣ್ಣ ಇಳಿದಾಗ ಇದೆಲ್ಲ ಇರಲಿಲ್ಲ. ಹಗ್ಗ ಹಿಡ್ಕೊಂಡು ಮೇಲೆ ನಿಂತಿದ್ದವನು ನಾನೇ. ಸದ್ದಿಲ್ಲದೆ ಕೆಲಸ ಮಾಡ್ತಿದಾನೆ ಅಂದ್ಕೊಂಡಿದ್ದೆ.”