ಮರಕ್ಕೆ ಮೂರು ಪಾಲು

ಚೀನಾದ ಹುಯಿಝೌ ಪೇಟೆಯಲ್ಲಿ ಅಂಗಡಿಗಳಿಗೆ ಹೆಸರಿನ ಹಲಗೆ ಬರೆಯುವ ಬಾವೊ ಯಾನ್‌ಶು ಅವರ ಬಾಯಲ್ಲಿ ಸದಾ ಒಂದೇ ಕಥೆ. ಹಿಂದೊಬ್ಬ ದೊಡ್ಡ ಬರಹಗಾರ ಹಲಗೆಯ ಮೇಲೆ ಬರೆದನಂತೆ. ಕೆತ್ತುವವನು ಹೆರೆದು ನೋಡಿದರೆ ಮಸಿ ಮರದೊಳಕ್ಕೆ ಅಂಗುಲದ ಹತ್ತರಲ್ಲಿ ಮೂರು ಪಾಲು ಇಳಿದಿತ್ತಂತೆ. ಮನಸ್ಸಿಗೆ ನಾಟುವ ಮಾತಿಗೆಲ್ಲ ಜನ ಈಗಲೂ 'ಮರಕ್ಕೆ ಮೂರು ಪಾಲು' ಅನ್ನುತ್ತಾರೆ. ಯಾನ್‌ಶು ಮಾತ್ರ ಅದನ್ನು ತಮ್ಮ ಅಕ್ಷರಕ್ಕೇ ಅನ್ನುತ್ತಾರೆ, ಊಟಕ್ಕೆ ಮೊದಲೊಮ್ಮೆ, ಊಟವಾದ ಮೇಲೊಮ್ಮೆ.

ಅವರ ಅಕ್ಷರ ಮರಕ್ಕೆ ಇಳಿಯುವುದು ನಿಜ. ಇಳಿಸುವವಳು ಹೆಂಡತಿ ಗುಯಿಲಾನ್. ಅವರು ಬರೆದ ಕಾಗದವನ್ನು ಹಲಗೆಗೆ ಅಂಟಿಸಿ, ಕಾಗದದ ಸಮೇತ ಕೆತ್ತುತ್ತಾಳೆ. ಉಳಿ ಮಸಿಯ ಅಂಚಿನಿಂದ ಕೂದಲೆಳೆಯಷ್ಟೂ ಆಚೀಚೆ ಹೋಗಬಾರದು, ಅದು ಕಸುಬಿನ ಕಟ್ಟಳೆ.

ಎರಡು ವರ್ಷದಿಂದ ಗುಯಿಲಾನ್ ಆ ಕಟ್ಟಳೆ ಮುರಿಯುತ್ತಿದ್ದಳು. ಯಜಮಾನರ ಕೈ ನಡುಗತೊಡಗಿತ್ತು. ಮಸಿ ಓಲಾಡಿದ ಕಡೆ ಅವಳ ಉಳಿ ನೆಟ್ಟಗೆ ಹೋಗುತ್ತಿತ್ತು. ಗೊತ್ತಾದರೆ ಅವರು ಕುಂಚ ಕೆಳಗಿಡುತ್ತಾರೆ. ಕುಂಚವಿಲ್ಲದ ಗಂಡಸನ್ನು ಇಡೀ ದಿನ ಮನೆಯಲ್ಲಿ ಸಹಿಸುವವರಾರು ಎಂದು ಪಕ್ಕದ ಮನೆಯವಳ ಮುಂದೆ ನಗುತ್ತಿದ್ದಳು. ಆದರೆ ಕುಂಚ ಬಿಟ್ಟರೆ ಈ ಮನುಷ್ಯ ಬಾಡಿಹೋಗುತ್ತಾರೆ ಎಂಬ ಹೆದರಿಕೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ದಿನ ಗುಯಿಲಾನ್ ಚಹಾ ಅಂಗಡಿಯ ಹಲಗೆ ಕೆತ್ತುತ್ತಿದ್ದಾಗ ಯಾನ್‌ಶು ಕನ್ನಡಕ ಹುಡುಕುತ್ತಾ ಒಳಗೆ ಬಂದರು. ಕನ್ನಡಕ ಸಿಕ್ಕಿತು, ಅದೇ ತಪ್ಪಾಯಿತು.

"ಇದೇನೇ, ನನ್ನ ಮಸಿಯೆಲ್ಲ ನೀನು ಕೆತ್ತಿದ ಗೆರೆಯಿಂದಾಚೆ ಉಳಿದಿದೆ?"

"ಹಾವಿಗೆ ಕಾಲು ಬರೆದಿದ್ರಿ. ಬಿಟ್ಟುಬಿಟ್ಟೆ," ಎಂದಳು. ಬೇಡದ್ದನ್ನು ಸೇರಿಸುವವರಿಗೆ ಊರೆಲ್ಲ ಹೇಳುವ ಮಾತು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು, ರೀ."

ಅವರು ಮಣೆಯ ಮೇಲೆ ಕುಸಿದು ಕೂತರು. ಗುಯಿಲಾನ್ ಉಳಿ ಕೆಳಗಿಟ್ಟಳು.

"ಆ ಕಥೇಲಿ ಹಲಗೆ ಹೆರೆದೋನ ಹೆಸರೇನೇ?"

"ನಲವತ್ತು ವರ್ಷದಿಂದ ಕಥೆ ಹೇಳ್ತಿರೋರು ನೀವು. ಆ ಹೆಸರು ಒಮ್ಮೆಯೂ ಹೇಳಿಲ್ಲ, ನನ್ನ ಕೇಳ್ತೀರಾ?"

ಯಾನ್‌ಶು ಎದ್ದರು. ಕುಂಚ ತೆಗೆದುಕೊಂಡು, ಕಾಗದದ ಮೂಲೆಯಲ್ಲಿ ತಮ್ಮ ಹೆಸರಿನ ಪಕ್ಕ ಅವಳ ಹೆಸರು ಬರೆದರು. ಕೈ ಎಂದೂ ಇಲ್ಲದಷ್ಟು ನಡುಗಿತು. ಗುಯಿಲಾನ್ ಅದನ್ನೂ ಕೆತ್ತಿದಳು.

ಹಲಗೆ ಏರಿಸಿದ ದಿನ ಚಹಾ ಅಂಗಡಿಯವನು ದೊಡ್ಡ ಅಕ್ಷರಗಳನ್ನು ಹೊಗಳಿ ಅಟ್ಟಕ್ಕೇರಿಸಿದ. ಆಮೇಲೆ ಮೂಲೆಗೆ ಕಣ್ಣು ಹಾಯಿಸಿ, "ಈ ಹೆಸರೊಂದು ಯಾಕೆ ಹೀಗೆ ಸೊಟ್ಟಗಿದೆ, ತಾತ?" ಎಂದ.

ಗುಯಿಲಾನ್ ಏನೋ ನೆಪ ಹೇಳಲು ಬಾಯಿ ತೆರೆದಳು. ಯಾನ್‌ಶು ಬಿಡಲಿಲ್ಲ.

"ಅದೊಂದೇ ಕಣಪ್ಪ, ಇವಳು ತಿದ್ದದೇ ಬಿಟ್ಟದ್ದು."