ಐರಣಿ ಬಸ್ಸಿನ ಬಣಕಾರ ಸರ್

ಬಣಕಾರ ಸರ್ ಅವರ ಮನೆ ಇದ್ದದ್ದು ಬ್ಯಾಡಗಿಯಲ್ಲಿ. ಆದರೆ ಸಂಜೆ ಕಾಲೇಜು ಬಿಟ್ಟ ಮೇಲೆ ಅವರು ಬ್ಯಾಡಗಿ ಬಸ್ಸು ಹತ್ತಿದ್ದನ್ನು ನಾವು ಯಾರೂ ಕಂಡಿಲ್ಲ. ಒಂದು ದಿನ ಐರಣಿ ಬಸ್ಸು, ಮರುದಿನ ಗಳಗನಾಥದ ಕಡೆಯದು, ಇನ್ನೊಂದು ದಿನ ಮತ್ತಾವುದೋ ಹಳ್ಳಿಯದು. ಚೀಲವನ್ನು ಕಿಟಕಿ ಪಕ್ಕದವರ ಕೈಗೆ ಕೊಟ್ಟು, ಕಂಬಿ ಹಿಡಿದು ನಿಂತು, ಅರ್ಥಶಾಸ್ತ್ರ ಶುರು ಮಾಡುತ್ತಿದ್ದರು. ನಾವು ಊರಿಗೆ ಇಳಿದರೆ ಅವರು ಅದೇ ಬಸ್ಸಿನಲ್ಲಿ ವಾಪಸಾಗಿ, ಆಮೇಲೆ ಮನೆಯ ದಾರಿ ಹಿಡಿಯುತ್ತಿದ್ದರು.

ರಾಣೆಬೆನ್ನೂರಿನ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ವಿಭಾಗವೆಂದರೆ ಅವರೊಬ್ಬರೇ, ಅದೂ ಅತಿಥಿ ಉಪನ್ಯಾಸಕರು. ಕಾಯಂ ಹುದ್ದೆ ಖಾಲಿ ಬಿದ್ದು ವರ್ಷಗಳಾಗಿದ್ದವು. ತರಗತಿಯಲ್ಲಿ ನೂರಕ್ಕೂ ಮೇಲೆ ಮಂದಿ. ತಡವಾಗಿ ಬಂದವರು ಗೋಡೆಗೆ ಒರಗಿ ನಿಲ್ಲಬೇಕು. ಐರಣಿಯಿಂದ ಬರುತ್ತಿದ್ದ ನಾನು ಎತ್ತರದ ಗೆಳತಿಯ ಬೆನ್ನ ಹಿಂದೆ ಕೂತು ಅರ್ಧ ವರ್ಷ ಸುಖವಾಗಿ ಕಳೆದಿದ್ದೆ. ಒಂದು ಸಂಜೆ ಸರ್ ಬಸ್ಸಿನಲ್ಲಿ ನೇರ ನನ್ನ ಸೀಟಿನ ಹತ್ತಿರವೇ ಬಂದು ನಿಂತರು.

“ಕ್ಲಾಸಿನ್ಯಾಗ ನಿನ್ನ ಮಾರಿ ಕಾಣೂದಿಲ್ಲವಾ, ಅದಕ್ಕ ಬಸ್ ಹತ್ತೇನಿ. ಹೇಳು, ಏನ್ ತಿಳಿದಿಲ್ಲ?”

ಏನೂ ತಿಳಿದಿಲ್ಲ ಎಂದೆ. ಅವರಿಗೆ ಖುಷಿಯಾದಂತೆ ಕಂಡಿತು. ಮೆಣಸಿನಕಾಯಿ ತುಟ್ಟಿಯಾದರೆ ನಿಮ್ಮ ಮನೆಯಲ್ಲಿ ಸಾರಿಗೆ ಖಾರ ಕಡಿಮೆ ಹಾಕುತ್ತಾರೋ ಇಲ್ಲವೋ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅರ್ಧ ಬಸ್ಸು ವಾದಕ್ಕಿಳಿಯಿತು. ಅದನ್ನು ಕೇಳುತ್ತಾ ನಿಂತ ಕಂಡಕ್ಟರು ಸೀಟಿ ಊದುವುದನ್ನೇ ಮರೆತು, ಇಬ್ಬರು ತಮ್ಮ ಸ್ಟಾಪು ದಾಟಿ ಇಳಿದು ಬೈಯುತ್ತಾ ಹಿಂದಕ್ಕೆ ನಡೆದರು. ಬೇಡಿಕೆಯ ಪಾಠ ನನಗೆ ಅವತ್ತು ತಲೆಗೆ ಹತ್ತಿತು, ಇಂದಿಗೂ ಇಳಿದಿಲ್ಲ.

ನಮ್ಮ ಕೊನೆಯ ವರ್ಷ ಕಾಲೇಜು ನೋಡಲು ಅಧಿಕಾರಿಗಳ ತಂಡ ಬರುವುದಿತ್ತು. ಹಿಂದಿನ ದಿನ ಪ್ರಾಚಾರ್ಯರು ಬಂದು, ಏನು ಕೇಳಿದರೂ ಕೊರತೆಯಿಲ್ಲ ಅನ್ನಿ ಎಂದು ಹೇಳಿ ಹೋದರು. ಅವರ ಬೆನ್ನಿಗೇ ಸರ್ ಬಂದರು.

“ಇಷ್ಟು ಮಂದಿಗೆ ಒಬ್ಬಾಂವ ಸಾಲೂದಿಲ್ಲ. ಎಲ್ಲಾರ ಊರಿಗೂ ನಾ ಬಸ್ ಹತ್ತಾಕ ಆಗಂಗಿಲ್ಲ. ಕಾಯಂ ಮಾಸ್ತರು ಬೇಕು ಅಂತ ಎದ್ದು ನಿಂತು ಕೇಳ್ರಿ.”

ಕಾಯಂನವರು ಬಂದರೆ ನಿಮ್ಮ ಗತಿ ಏನು ಎಂದು ನಾನೇ ಕೇಳಿದೆ. ನಾನು ಮನೆಗೆ, ಮತ್ತೇನು ಎಂದು ನಕ್ಕರು. ಬ್ಯಾಡಗಿಯಲ್ಲಿ ಅವರ ಸಂಬಳ ನೆಚ್ಚಿಕೊಂಡು ಹೆಂಡತಿ, ಇಬ್ಬರು ಮಕ್ಕಳು ಇದ್ದದ್ದು ನಮಗೆಲ್ಲ ಗೊತ್ತಿತ್ತು. ಮರುದಿನ ತಂಡದವರು ಕೇಳಿದಾಗ ತರಗತಿ ತಲೆ ತಗ್ಗಿಸಿತು. ಸರ್ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ಎದ್ದೆ, ಕೇಳಿದೆ.

ಪರೀಕ್ಷೆಗೆ ಮೊದಲೇ ಕಾಯಂ ಮೇಡಂ ಬಂದರು. ಅವರನ್ನು ತರಗತಿಗೆ ಕರೆತಂದವರು ಸರ್ ಅವರೇ. ಯಾರು ಯಾವ ಊರಿನವರು, ಯಾರಿಗೆ ಯಾವ ಪಾಠ ಕಷ್ಟ ಎಂದು ಒಬ್ಬೊಬ್ಬರನ್ನೇ ತೋರಿಸಿ ಹೇಳಿದರು. ಆಮೇಲೆ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟರು. ಅವತ್ತು ನಾನು ಅತ್ತೆ.

ಅವರು ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಸೇರಿದರು. ಮೇಡಂ ಚೆನ್ನಾಗಿ ಕಲಿಸಿದರು, ಆದರೆ ಎರಡು ವರ್ಷಕ್ಕೇ ವರ್ಗವಾಗಿ ಹೋದರು. ನಾನು ಎಂ.ಎ. ಮುಗಿಸಿ ಬಂದಾಗ ಆ ಕುರ್ಚಿ ಮತ್ತೆ ಖಾಲಿ ಇತ್ತು. ಈಗ ಅಲ್ಲಿ ನಾನು ಅತಿಥಿ. ಅಪ್ಪ ಲಕ್ವಾ ಹೊಡೆದು ಮಲಗಿದ್ದಾರೆ. ಮನೆ ನಡೆಯುವುದು ನನ್ನ ಸಂಬಳದಿಂದ.

ಹೋದ ಬೇಸಿಗೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸರ್ ಸಿಕ್ಕರು. ತುಂಬ ಸೊರಗಿದ್ದರು. ನಾನು ಅವರ ಜಾಗದಲ್ಲಿದ್ದೇನೆಂದು ಕೇಳಿ ಮುಖ ಅರಳಿತು. ಹುಡುಗರು ಎಷ್ಟು ಎಂದರು, ಆಗಿನದಕ್ಕಿಂತ ಹೆಚ್ಚು ಎಂದೆ. ಕಾಯಂನವರು ಯಾರೂ ಇಲ್ಲ ಎಂದೂ ಹೇಳಿದೆ. ಅವರು ಚೀಲ ಕೆಳಗಿಟ್ಟರು.

“ಎದ್ದು ನಿಂತು ಕೇಳ್ರಿ ಅಂತ ಹುಡುಗ್ರಿಗೆ ಹೇಳೀಯೇನವಾ?”

“ಇಲ್ರಿ ಸರ,” ಎಂದೆ.

ಅವರು ಬೈಯಲಿಲ್ಲ. ಅಪ್ಪನ ಆರೋಗ್ಯ ವಿಚಾರಿಸಿ, ಚಹಾ ಕುಡಿಸಿ ಹೋದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಈ ಸಲದ ತಂಡ ಸೋಮವಾರ ಬರುತ್ತದಂತೆ. ಕೊರತೆಯಿಲ್ಲ ಅನ್ನಿ ಎಂದು ಈಗಿನ ಪ್ರಾಚಾರ್ಯರು ಹುಡುಗರಿಗೆ ಇಂದು ಹೇಳಿ ಹೋದರು. ನಾಳೆ ಶನಿವಾರ, ತಂಡ ಬರುವ ಮೊದಲು ಹುಡುಗರಿಗೆ ಏನಾದರೂ ಹೇಳಲು ನನಗೆ ಒಂದೇ ಕ್ಲಾಸಿದೆ.