ಆಕ್ಷೇಪ ಇಲ್ಲದ ಗ್ರಾಮಸಭೆ

ಬಂಡೆಯ ತೆಂಕು ತುದಿಯಲ್ಲಿ ನಿಂತರೆ ಮೊಬೈಲಿನಲ್ಲಿ ಎರಡು ಗೆರೆ. ಒಂದು ಹೆಜ್ಜೆ ಹಿಂದೆ ಸರಿದರೆ ಸೊನ್ನೆ.

ಕಳೆದ ಗುರುವಾರ ನಮ್ಮ ವಾರ್ಡಿನವರು ಗ್ರಾಮಸಭೆಗೆ ಹಾಜರಾದದ್ದು ಇಷ್ಟು ಜಾಗದಿಂದ. ಕೊರೊನಾ ಕಾಲ, ಜನ ಗುಂಪು ಸೇರಬಾರದು, ಆದ್ದರಿಂದ ಸಭೆ ಆನ್‌ಲೈನ್ ಎಂದು ಪಂಚಾಯತ್ ತೀರ್ಮಾನಿಸಿತ್ತು. ಒಳ್ಳೆಯದೇ. ಸಭಾಭವನದಲ್ಲಿ ದೂರ ದೂರ ಕೂರಬಹುದಾಗಿದ್ದ ಇಪ್ಪತ್ತೆರಡು ಮಂದಿ, ಸಿಗ್ನಲ್ ಸಿಗುವ ಬಂಡೆಯ ತುದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತೆವು. (ಮಾಸ್ಕ್ ಎಲ್ಲರಿಗೂ ಇತ್ತು. ಕೆಲವರಿಗೆ ಗದ್ದದಲ್ಲಿ.)

ಮೊಬೈಲು ನನ್ನದು. ನಾನು ಪಾಠ ಮಾಡುವ ಮೂಡುಬಿದಿರೆಯ ಕಾಲೇಜು ಮುಚ್ಚಿದ ಮೇಲೆ ಈ ಬಂಡೆಯೇ ನನ್ನ ಕ್ಲಾಸ್‌ರೂಮ್. ಲಿಂಕಿನ ವಿಷಯವೆಲ್ಲ ನನಗೆ ಗೊತ್ತು ಎಂದು ಊರು ನಂಬಿತ್ತು.

ಎಲ್ಲರಿಗಿಂತ ಮುಂದೆ ನಿಂತವರು ನೆರೆಮನೆಯ ಗಿರಿಜಕ್ಕ. ಅವರ ಗಂಡನಿಗೆ ವಾರಕ್ಕೆರಡು ಸಲ ಬೆಳ್ತಂಗಡಿಯಲ್ಲಿ ಡಯಾಲಿಸಿಸ್. ದಾರಿಯಲ್ಲಿ ಹೊಳೆ. ಅದನ್ನು ದಾಟಲು ಇದ್ದ ಕಾಲುಸಂಕ ಹೋದ ಮಳೆಗಾಲದಲ್ಲಿ ಕೊಚ್ಚಿಹೋಯಿತು. ಈಗ ನೀರಿಗಿಳಿದು ದಾಟುತ್ತಾರೆ. ಜೂನ್ ಬಂದರೆ ಅದೂ ಆಗದು. ಹೊಸ ಸಂಕ ಈ ವರ್ಷದ ಕಾಮಗಾರಿ ಪಟ್ಟಿಯಲ್ಲಿತ್ತು. ಅದನ್ನು ತೆಗೆದು ಪಂಚಾಯತ್ ಅಂಗಳಕ್ಕೆ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕ್ ಹಾಕುತ್ತಾರೆ ಎಂಬ ಸುದ್ದಿ. ಯಾರೂ ಬರಬಾರದೆಂದು ಹಗ್ಗ ಕಟ್ಟಿದ ಅಂಗಳ ಯಾರಿಗಾಗಿ ಚಂದವಾಗಬೇಕು?

"ನಾನು ಕನ್ನಡದಲ್ಲೇ ಹೇಳ್ತೇನೆ. ತಪ್ಪಿದ್ರೆ ನಗಬೇಡ ಆಯ್ತಾ," ಎಂದರು ಗಿರಿಜಕ್ಕ. (ಮನೆಯಲ್ಲಿ, ಅಂಗಡಿಯಲ್ಲಿ ತುಳು. ಸಭೆಗೆ ಮಾತ್ರ ಕನ್ನಡ. ಅದು ನಮ್ಮ ಮರ್ಯಾದೆ.)

ಸಭೆ ಶುರುವಾಯಿತು. ಯಾರದೋ ಮನೆಯ ಹುಂಜ ಕೂಗಿತು. ಇನ್ಯಾರದೋ ಕುಕ್ಕರ್ ಸೀಟಿ ಹಾಕಿತು.

"ಇನ್ನೆರಡು ಸೀಟಿ ಆದ್ರೆ ಊಟಕ್ಕೆ ಕರೀತಾರಾ ಮಾರಾಯ್ರೆ?" ಎಂದರು ನನ್ನ ಹಿಂದಿದ್ದ ಲೋಕಯ್ಯಣ್ಣ.

ಪಿಡಿಒ ಸಾಹೇಬರು ತಾಳ್ಮೆಗೆಟ್ಟು ಎಲ್ಲರನ್ನೂ ಮ್ಯೂಟ್ ಮಾಡಿದರು. ನಾವಾಗಿ ತೆಗೆಯಲು ಆಗದ ಹಾಗೆ. (ಕ್ಲಾಸಿನಲ್ಲಿ ನಾನೂ ದಿನಾ ಮಾಡುವುದು ಇದನ್ನೇ.)

ಇಂಟರ್‌ಲಾಕಿನ ವಿಷಯ ಬಂತು. ಗಿರಿಜಕ್ಕ ಚಪ್ಪಲಿ ಕಳಚಿ, ಮೊಬೈಲಿಗೆ ಕೈಮುಗಿದು, "ಮಾನ್ಯ ಅಧ್ಯಕ್ಷರೇ" ಎಂದು ತೊಡಗಿದರು. ಹೊಳೆ, ಗಂಡ, ಜೂನ್ ತಿಂಗಳು, ಎಲ್ಲವನ್ನೂ ಹೇಳಿದರು. ಒಂದೂ ತಪ್ಪಲಿಲ್ಲ. ನಾನು ಪರದೆಯ ಮೇಲಿನ ಕೆಂಪು ಮೈಕನ್ನು ಒತ್ತಿ ಒತ್ತಿ ಸೋತೆ. ಚಾಟ್‌ನಲ್ಲಿ 'ನಮ್ಮ ವಾರ್ಡಿನ ಆಕ್ಷೇಪ ಉಂಟು, ಮಾತಾಡಲು ಬಿಡಿ' ಎಂದು ಮೂರು ಸಲ ಬರೆದೆ. ಯಾರೂ ನೋಡಲಿಲ್ಲ.

"ಯಾರಿಗಾದರೂ ಆಕ್ಷೇಪ ಉಂಟಾ?" ಪಿಡಿಒ ಮೂರು ಸೆಕೆಂಡ್ ಕಾದರು. "ಇಲ್ಲ. ಸರ್ವಾನುಮತದಿಂದ ಅಂಗೀಕಾರ."

ಗಿರಿಜಕ್ಕ ನಮ್ಮ ಕಡೆ ತಿರುಗಿದರು. "ಹೇಳಿದ್ದು ಸರಿಯಾಯ್ತಲ್ಲ?"

"ಸರಿಯಾಯ್ತು ಅಕ್ಕ," ಎಂದರು ಲೋಕಯ್ಯಣ್ಣ. "ನಮಗೆಲ್ಲ ಕೇಳಿತು. ಅವರಿಗೆ ಮಾತ್ರ ಕೇಳ್ಲಿಲ್ಲ."

ಯಾರೂ ನಗಲಿಲ್ಲ.

ಮೊದಲಿನ ಗ್ರಾಮಸಭೆಗಳಲ್ಲಿ ಬೊಬ್ಬೆಯೋ ಬೊಬ್ಬೆ. ಒಬ್ಬರ ಕೈಯಿಂದ ಇನ್ನೊಬ್ಬರು ಮೈಕು ಕಿತ್ತುಕೊಳ್ಳುತ್ತಿದ್ದರು. ಇದೆಂಥ ಸಭೆ ಎಂದು ಮುಖ ಸಿಂಡರಿಸಿ ಎದ್ದು ಬಂದವಳು ನಾನು. ಈ ಸಭೆ ಶಿಸ್ತಾಗಿ ಮೂವತ್ತೈದು ನಿಮಿಷದಲ್ಲಿ ಮುಗಿಯಿತು. ನಾನು ಬಯಸಿದ್ದು ಇಂಥದ್ದನ್ನೇ ಅಲ್ಲವೇ?

ಕಚೇರಿಗಳಿಗೆ ಹೋಗಿ ವಾದಿಸುವುದು ನನಗೆ ಆಗದ ಕೆಲಸ. ಆದರೂ ಆ ಸಂಜೆಯೇ ಆಕ್ಷೇಪವನ್ನು ಕಾಗದದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದೆ. ಮರುದಿನ ಬೆಳಿಗ್ಗೆ ಗಿರಿಜಕ್ಕನೊಂದಿಗೆ ಹೊಳೆ ದಾಟಿ, ಆಚೆ ದಡದಲ್ಲಿ ನಿಲ್ಲಿಸಿದ್ದ ಸ್ಕೂಟರಿನಲ್ಲಿ ಅವರನ್ನು ಕೂರಿಸಿಕೊಂಡು ಪಂಚಾಯತಿಗೆ ಹೋದೆ.

"ಒಳಗೆ ಬಿಡ್ಲಿಕ್ಕಿಲ್ಲ ಮೇಡಂ," ಎಂದರು ಅಟೆಂಡರ್. "ನಿನ್ನೆ ಮೀಟಿಂಗಿನಲ್ಲೇ ಹೇಳ್ಬಹುದಿತ್ತಲ್ಲ?"

"ಅರ್ಜಿಗೆ ಸೀಲು ಹಾಕಿ ಸ್ವೀಕೃತಿ ಕೊಡಿ. ಆಮೇಲೆ ಹೋಗ್ತೇವೆ," ಎಂದೆ.

ಸೀಲು ಬಿದ್ದದ್ದು ಹನ್ನೊಂದೂವರೆಗೆ. ಅಲ್ಲಿಯವರೆಗೆ ಹಗ್ಗ ದಾಟಿ, ಇಂಟರ್‌ಲಾಕ್ ಇಲ್ಲದ ಆ ಅಂಗಳದಲ್ಲೇ ನಿಂತಿದ್ದೆವು. ಕಾಲಿಗೆ ಏನೂ ಆಗಲಿಲ್ಲ.